ಸವಾರಿ ಯಾವ ಕಡೆ?

ಗಂಡಸರ ಪ್ಯಾಂಟ್ ಹೊಲಿಯುವವನು ನಾಚಿಕೊಂಡು ಕೂತರೆ ಹೊಟ್ಟೆ ತುಂಬುವುದಿಲ್ಲ. ಸೊಂಟ, ಸೀಟು, ತೊಡೆ ಎಲ್ಲ ಅಳೆದಾದ ಮೇಲೆ ನಮ್ಮ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: "ಸವಾರಿ ಯಾವ ಕಡೆ?" ಅಂದರೆ ಪ್ಯಾಂಟಿನೊಳಗೆ ನಿಮ್ಮ ಭಾರ ಎಡಕ್ಕೆ ಕೂರುತ್ತದೋ ಬಲಕ್ಕೋ ಅಂತ. ಆ ಕಡೆ ಒಂಚೂರು ಬಟ್ಟೆ ಹೆಚ್ಚು ಬಿಟ್ಟರೆ ಕೂತು ಏಳುವಾಗ ಹಿಡಿಯುವುದಿಲ್ಲ. ಈ ಪ್ರಶ್ನೆಯನ್ನು ಹುಟ್ಟುಹಾಕಿದವರು ನಮ್ಮಪ್ಪ. ಬ್ಯಾಂಕಿನ ಸಾಹೇಬರೇ ಬರಲಿ, ಲಾರಿ ಡ್ರೈವರೇ ಬರಲಿ, ಅಪ್ಪ ಟೇಪಿನಿಂದ ಕಣ್ಣೆತ್ತದೆ ಕೇಳುತ್ತಿದ್ದರು. ಕೆಲವರು ಮುಖ ತಿರುಗಿಸುತ್ತಿದ್ದರು, ಕೆಲವರು "ಗಾಳಿ ಬೀಸಿದ ಕಡೆ ಮಾಸ್ಟ್ರೇ" ಎಂದು ನಗುತ್ತಿದ್ದರು. ಅಪ್ಪ ಹೋದ ಮೇಲೆ ಅಂಗಡಿ ನನ್ನ ಮತ್ತು ಭಾವನ ಪಾಲಿಗೆ ಬಂತು. ಭಾವ ಅಂದರೆ ನನ್ನಕ್ಕನ ಗಂಡ. ಬಾಯಿ ಬಿಟ್ಟರೆ ತಮಾಷೆ, ಮುಚ್ಚಿದರೆ ನಿದ್ದೆ. ನಾವಿಬ್ಬರೂ ಊರಿನ ಅರ್ಧ ಗಂಡಸರಿಗೆ ಆ ಪ್ರಶ್ನೆ ಕೇಳಿದ್ದೇವೆ.

ಇಷ್ಟು ಜನರನ್ನು ಕೇಳಿದ ಬಾಯಿ, ನನ್ನದೇ ಸರದಿ ಬಂದಾಗ ಕಟ್ಟಿಹೋಯಿತು.

ಸ್ನಾನ ಮಾಡುವಾಗ ಸೋಪಿನ ಕೈಗೆ ಸಿಕ್ಕಿದ್ದು. ಎಡಗಡೆಯ ಬೀಜದಲ್ಲಿ ಒಂದು ಗಂಟು, ಕಡಲೆಕಾಳಿನಷ್ಟು, ಗಟ್ಟಿ. ಒತ್ತಿದರೂ ನೋವಿಲ್ಲ. ನೋವಿಲ್ಲ ಅಂದ ಮೇಲೆ ಏನೂ ಅಲ್ಲ ಎಂದು ಮೈ ಒರೆಸಿಕೊಂಡೆ. ಮಾರನೆಯ ದಿನ ಮತ್ತೆ ಮುಟ್ಟಿ ನೋಡಿದೆ, ಇತ್ತು. ಆಮೇಲೆ ಅದನ್ನು ಮುಟ್ಟಿ ನೋಡುವುದೇ ನನ್ನ ದಿನಚರಿಯಾಯಿತು. ಇವತ್ತು ಕರಗಿರಬಹುದು ಅಂತ ಬಚ್ಚಲಿಗೆ ಹೋಗುತ್ತಿದ್ದೆ, ಇನ್ನೂ ಇದೆ ಅಂದುಕೊಂಡು ಬರುತ್ತಿದ್ದೆ. ಅದು ಕರಗಲಿಲ್ಲ, ದೊಡ್ಡದಾಯಿತು. ಯಾರಿಗೆ ಹೇಳುವುದು? ಹೆಂಡತಿಗೆ ಹೇಳಿದರೆ ಅಳುತ್ತಾಳೆ. ಭಾವನಿಗೆ ಹೇಳಿದರೆ ಸಾಯುವವರೆಗೂ ತಮಾಷೆ ಮಾಡುತ್ತಾರೆ. ಸಾಯುವವರೆಗೂ ಎಂಬ ಮಾತು ಮನಸ್ಸಿಗೆ ಬಂದದ್ದೇ ನನಗೆ ಬೆವರು ಬಂತು.

ಗಂಟು ಕಾಣದ ಹಾಗೆ ನನ್ನ ಪ್ಯಾಂಟುಗಳ ಎಡಗಡೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ. ಬಿಚ್ಚಿ ಹೊಲಿದ ಗುರುತು ಹೆಂಡತಿಯ ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ ಪ್ಯಾಂಟುಗಳನ್ನು ನಾನೇ ಒಗೆಯತೊಡಗಿದೆ. ಅವಳೋ ಮೆಟ್ಟಿಲ ಮೇಲೆ ನಿಂತು ಪಕ್ಕದ ಮನೆಯವರಿಗೆ, "ನಮ್ಮನೆಯವರು ಈಗ ತಮ್ಮ ಪ್ಯಾಂಟ್ ತಾವೇ ಒಗ್ಕೋತಾರೆ ಗೊತ್ತಾ" ಎಂದು ಹೇಳಿಕೊಂಡು ಬೀಗಿದಳು. ಆ ಬೀದಿಯ ಗಂಡಸರೆಲ್ಲ ನನ್ನನ್ನು ಕೆಂಗಣ್ಣಿಂದ ನೋಡುವಂತಾಯಿತು.

ಒಮ್ಮೆ ಧೈರ್ಯ ಮಾಡಿ ಆಸ್ಪತ್ರೆಗೆ ಹೋದೆ. ಹೊರಡುವಾಗ ಹೆಂಡತಿ, "ಯಾವ ಕಡೆ ಸವಾರಿ?" ಅಂದಳು. ಎಲ್ಲಿಗೆ ಹೊರಟಿರಿ ಅಂತಷ್ಟೇ ಅವಳ ಪ್ರಶ್ನೆ. ಅಂಗಡಿಯ ಪ್ರಶ್ನೆಯನ್ನೇ ನನಗೆ ಕೇಳಿದಳೆಂದು ನನ್ನ ಜೀವ ಬಾಯಿಗೆ ಬಂತು. ದಾರ ತರಲು ಎಂದು ಸುಳ್ಳು ಹೇಳಿದೆ. ಆಸ್ಪತ್ರೆಯಲ್ಲಿ ನೋಡಿದರೆ ಡಾಕ್ಟರು ಹೆಂಗಸು, ನಮ್ಮಕ್ಕನ ವಯಸ್ಸು. "ಏನ್ ತೊಂದರೆ?" ಅಂದರು. ಗಂಟು ಅನ್ನಬೇಕಾಗಿದ್ದ ನಾಲಿಗೆ "ಮಂಡಿ" ಅಂದುಬಿಟ್ಟಿತು. ಅವರು ಪಾಪ ಎರಡೂ ಮಂಡಿ ಬಗ್ಗಿಸಿ, ತಟ್ಟಿ, ಒಂದು ಮುಲಾಮು ಬರೆದುಕೊಟ್ಟರು. "ಬೇರೆ ಏನಾದ್ರೂ ಇದೆಯಾ?" ಎಂದೂ ಕೇಳಿದರು. ಇಲ್ಲ ಎಂದು ತಲೆಯಾಡಿಸಿ ಎದ್ದು ಬಂದೆ. ಗಟ್ಟಿಮುಟ್ಟಾದ ಮಂಡಿಗೆ ಆ ಟ್ಯೂಬು ಮುಗಿಯುವವರೆಗೂ ಮುಲಾಮು ತಿಕ್ಕಿಕೊಂಡೆ.

ಹೊಲಿಗೆಯ ಒಳಗೆ ಬಿಡುವ ಬಟ್ಟೆಗೂ ಒಂದು ಮಿತಿಯಿದೆ. ಕೊನೆಗೆ ಬಿಚ್ಚಲು ನನ್ನ ಯಾವ ಪ್ಯಾಂಟಿನಲ್ಲೂ ಬಟ್ಟೆ ಉಳಿಯಲಿಲ್ಲ. ಅಂಗಡಿಗೆ ಹೊರಡುವ ಹೊತ್ತು, ಎಲ್ಲವೂ ಬಿಗಿ. ಆಗ ಅಮ್ಮನ ಟ್ರಂಕಿನಲ್ಲಿದ್ದ ಅಪ್ಪನ ಬೂದು ಬಣ್ಣದ ಪ್ಯಾಂಟ್ ನೆನಪಾಯಿತು. ತೆಗೆದು ಹಾಕಿಕೊಂಡೆ. ಸೊಂಟ ಸರಿಯಾಯಿತು, ಉದ್ದ ಸರಿಯಾಯಿತು. ಎಡಗಡೆ ಎಷ್ಟು ಬೇಕೋ ಅಷ್ಟೇ ಜಾಗ ಇತ್ತು. ನನ್ನ ಅಳತೆ ತೆಗೆದು ಹೊಲಿದಂತೆ ಕೂತಿತು.

ಒಂದು ಗಳಿಗೆ ಖುಷಿಯಾಯಿತು. ಆಮೇಲೆ ತಲೆ ಓಡಿತು. ಅಪ್ಪನದು ಬಲಗಡೆ. ಅವರ ಪ್ಯಾಂಟ್ ಕತ್ತರಿಸಿಯೇ ನಾನು ಕೆಲಸ ಕಲಿತವನು, ಆ ಅಳತೆ ನಿದ್ದೆಯಲ್ಲೂ ಮರೆಯುವುದಿಲ್ಲ. ಎಡಗಡೆ ಜಾಗ ಎಲ್ಲಿಂದ ಬಂತು?

ಪ್ಯಾಂಟ್ ಕಳಚಿ ಒಳಮೈ ತಿರುಗಿಸಿದೆ. ಎಡಗಾಲು ಕೂಡುವ ಕಡೆ ಮಷೀನಿನ ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆಯನ್ನೆಲ್ಲ ಬಿಟ್ಟು, ಅದೂ ಸಾಲದೆ ಮೂರು ಮೂಲೆಯ ಒಂದು ತೇಪೆ ಸೇರಿಸಿದ್ದರು. ಸಣ್ಣ ಸಣ್ಣ ಕೈಹೊಲಿಗೆ. ಅಂಥ ಹೊಲಿಗೆ ಅಪ್ಪನ ಕೈಗೆ ಬಿಟ್ಟು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಅಂಗಡಿಯ ಮಷೀನಿನಲ್ಲಿ ಹೊಲಿದರೆ ನಾವು ನೋಡುತ್ತೇವೆಂದು ಎಲ್ಲೋ ಕದ್ದು ಕೂತು ಹೊಲಿದಿದ್ದಾರೆ. ನನ್ನ ಈಗಿನ ವಯಸ್ಸಿನ ಆಸುಪಾಸಿನಲ್ಲೇ ಅಪ್ಪ ಹೋದದ್ದು. ಏನಾಗಿತ್ತು ಎಂದು ಯಾರು ಕೇಳಿದರೂ ನಾವು ಹೇಳುತ್ತಿದ್ದದ್ದು ಹೊಟ್ಟೆನೋವು ಅಂತ. ಅವರು ನಮಗೆ ಹಾಗೇ ಹೇಳಿದ್ದರು.

ಆ ಪ್ಯಾಂಟ್ ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟೆ. ಅಪ್ಪನೂ ಹೀಗೇ ಬಚ್ಚಲಲ್ಲಿ ನಿಂತು ಮುಟ್ಟಿ ಮುಟ್ಟಿ ನೋಡಿಕೊಂಡಿರಬೇಕು ಅನ್ನಿಸಿ ಅಳು ಬಂತು. ನನಗಾಗಿಯೋ ಅವರಿಗಾಗಿಯೋ ಗೊತ್ತಾಗಲಿಲ್ಲ.

ಹೊರಗೆ ಹೆಂಡತಿ ನಗುತ್ತಾ ಅಮ್ಮನಿಗೆ ಹೇಳುತ್ತಿದ್ದಳು, "ಅತ್ತೆ, ನಿಮ್ಮ ಮಗ ಇವತ್ತೂ ಪ್ಯಾಂಟ್ ಒಗೆದು ಒಣಹಾಕಿದಾರೆ. ಯಾರ ಬುದ್ಧಿ ಬಂತೋ."

"ಅವರಪ್ಪಂದೇ ಕಣಮ್ಮ," ಅಂದರು ಅಮ್ಮ. "ಕೊನೆ ವರ್ಷ ಒಂದು ಪ್ಯಾಂಟನ್ನೂ ನನ್ನ ಕೈಗೆ ಕೊಡ್ಲಿಲ್ಲ. ನಿನಗ್ಯಾಕೆ ಕಷ್ಟ ಅಂತಿದ್ರು. ಅಷ್ಟು ಪ್ರೀತಿ ಇತ್ತು ನನ್ನ ಮೇಲೆ."

ಅದು ಪ್ರೀತಿಯಲ್ಲಮ್ಮ ಅನ್ನಲು ನನಗೆ ಬಾಯಿ ಬರಲಿಲ್ಲ. ಅಮ್ಮ ಇಷ್ಟು ವರ್ಷ ಆ ಮಾತನ್ನೇ ನೆಚ್ಚಿಕೊಂಡು ಬಂದಿದ್ದಾರೆ. ಬಿಗಿಯಾಗಿದ್ದ ನನ್ನದೇ ಪ್ಯಾಂಟ್ ಸಿಕ್ಕಿಸಿಕೊಂಡು, ಅಪ್ಪನದನ್ನು ಚೀಲಕ್ಕೆ ತುರುಕಿ ಅಂಗಡಿಗೆ ಓಡಿದೆ.

ಭಾವ ಇಸ್ತ್ರಿಪೆಟ್ಟಿಗೆ ಬಿಸಿ ಮಾಡುತ್ತಿದ್ದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದಿದ್ದೆ. ಅವರ ಮುಖ ನೋಡಿದ್ದೇ ಎಲ್ಲ ಮರೆತುಹೋಯಿತು. "ಭಾವ, ನನಗೊಂದು ಪ್ಯಾಂಟ್ ಬೇಕು. ಅಳತೆ ತಗೊಳ್ಳಿ," ಅಂದೆ.

"ಯಾಕೋ, ಕೈ ಬಿದ್ದೋಗಿದೆಯಾ ನಿಂಗೆ?" ಎನ್ನುತ್ತಲೇ ಟೇಪು ಹಿಡಿದು ಬಂದರು. ಸೊಂಟ ಅಳೆದರು. "ಹೆಂಡತಿ ಕೈ ಊಟ ಚೆನ್ನಾಗಿ ಹಿಡಿಸಿದೆ ನಿಂಗೆ," ಅಂದರು. ಮಂಡಿಯೂರಿ ಕಾಲಿನ ಉದ್ದ ಅಳೆದರು. ಆಮೇಲೆ ಅಪ್ಪನ ಗತ್ತಿನಲ್ಲಿ, ಕಣ್ಣೆತ್ತದೆ ಕೇಳಿದರು. "ಸ್ವಾಮಿಗಳದು ಸವಾರಿ ಯಾವ ಕಡೆ?"

"ಎಡಗಡೆ ಗಂಟಿದೆ ಭಾವ."

ಭಾವ ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಟೇಪು ಕೈಯಲ್ಲಿ ಹಿಡಿದು ಮಂಡಿಯೂರಿದ್ದಲ್ಲೇ ನನ್ನ ಮುಖ ನೋಡಿದರು. ನಾನು ಚೀಲದಿಂದ ಅಪ್ಪನ ಪ್ಯಾಂಟ್ ತೆಗೆದು, ಒಳಮೈ ತಿರುಗಿಸಿ ಅವರ ಕೈಗೆ ಕೊಟ್ಟೆ. ಆ ಹೊಲಿಗೆಯ ಮೇಲೆ ಬೆರಳಾಡಿಸಿದವರು ನೆಲದ ಮೇಲೇ ಕೂತರು.

"ಮಾವಂದಾ?"

"ಹೂಂ."

"ನಡಿ," ಅಂದರು. ಬಿಸಿಯಾಗಿದ್ದ ಇಸ್ತ್ರಿಪೆಟ್ಟಿಗೆಯ ಸ್ವಿಚ್ ನಾನೇ ಆರಿಸಬೇಕಾಯಿತು. ಅವರು ಅಂಗಡಿಯ ಬಾಗಿಲು ಎಳೆದರು. ದಾರಿಯಲ್ಲಿ ಒಂದೇ ಒಂದು ತಮಾಷೆ ಮಾಡಲಿಲ್ಲ.

ಅದೇ ಡಾಕ್ಟರು. "ಮಂಡಿ ಹೇಗಿದೆ?" ಅಂದರು. ನಾಲಿಗೆ ಮತ್ತೆ ಹಿಂದೆ ಸರಿಯಿತು. ಬಾಗಿಲ ಆಚೆ ಭಾವ ಕೆಮ್ಮಿದ್ದು ಕೇಳಿಸಿತು. "ಮಂಡಿಗೆ ಏನೂ ಆಗಿಲ್ಲ ಡಾಕ್ಟ್ರೇ, ಆವತ್ತು ಸುಳ್ಳು ಹೇಳ್ದೆ. ಬೀಜದಲ್ಲಿ ಗಂಟಿದೆ," ಅಂದೆ. ಅವರು ಮುಖ ಸಿಂಡರಿಸಲಿಲ್ಲ, ನಗಲಿಲ್ಲ. ಕೈಗವಸು ಹಾಕಿಕೊಂಡು, ಪರದೆ ಎಳೆದು, ನಾವು ಕಾಲರ್ ನೋಡುವಷ್ಟೇ ಸಹಜವಾಗಿ ನೋಡಿದರು. ಇಷ್ಟಕ್ಕಾಗಿ ನಾನು ಇಷ್ಟು ಕಾಲ ಸತ್ತು ಬದುಕಿದ್ದೆ. ಆದರೆ ನೋಡಿ ಮುಗಿಸಿದ ಮೇಲೆ ಅವರು ಸುಮ್ಮನೆ ಕೈ ತೊಳೆದ ರೀತಿ ನನಗೆ ಹಿಡಿಸಲಿಲ್ಲ.

"ಇವತ್ತೇ ಸ್ಕ್ಯಾನ್ ಮಾಡಿಸಿ. ಬಹುಶಃ ಆಪರೇಷನ್ ಬೇಕಾಗತ್ತೆ. ಬೇಗ ಬಂದ್ರೆ ಇದು ವಾಸಿಯಾಗೋ ಕಾಯಿಲೆ. ನೀವು ಬೇಗ ಬಂದಿದ್ದೀರೋ ಇಲ್ವೋ, ಸ್ಕ್ಯಾನ್ ನೋಡಿ ಹೇಳ್ತೀನಿ." ಆಮೇಲೆ ಪೆನ್ನು ಹಿಡಿದು ಕೇಳಿದರು, "ಮನೇಲಿ ಯಾರಿಗಾದ್ರೂ ಹೀಗಿತ್ತಾ?"

"ನಮ್ಮಪ್ಪನಿಗಿತ್ತು."

"ಯಾವ ಆಸ್ಪತ್ರೇಲಿ ತೋರಿಸಿದ್ರು?"

"ಎಲ್ಲೂ ತೋರಿಸ್ಲಿಲ್ಲ. ಹೊಲ್ಕೊಂಡ್ರು."

ಅವರಿಗೆ ಅರ್ಥವಾಗಲಿಲ್ಲ. ಪ್ಯಾಂಟಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರು ಅಷ್ಟನ್ನೂ ಬರೆದುಕೊಂಡರು.

ಸ್ಕ್ಯಾನ್ ಮುಗಿಯಿತು, ರಿಪೋರ್ಟಿಗೆ ನಾಳೆ ಬನ್ನಿ ಅಂದರು. ಮನೆಗೆ ಬಂದಾಗ ಬಿಸಿಲು ಇನ್ನೂ ಇತ್ತು. ಹೆಂಡತಿ ನಲ್ಲಿಯ ಹತ್ತಿರ ಬಟ್ಟೆ ನೆನೆಸುತ್ತಿದ್ದಳು. ಒಳಗೆ ಹೋಗಿ ಲುಂಗಿ ಉಟ್ಟು, ತೊಟ್ಟಿದ್ದ ಪ್ಯಾಂಟನ್ನು ತಂದು ಅವಳ ಬಕೆಟ್ಟಿನ ಮುಂದೆ ಹಿಡಿದೆ.

"ಇದನ್ನ ನೀನೇ ಒಗಿ."

ಅವಳು ನಗುತ್ತಾ ನನ್ನ ಕಡೆ ನೋಡಿದಳು. "ಯಾಕೆ, ಪ್ರೀತಿ ಮುಗಿದೋಯ್ತಾ?"

"ಒಳಗಡೆ ತಿರುಗಿಸಿ ಎಡಗಡೆ ಹೊಲಿಗೆ ನೋಡು," ಅಂದೆ. ಅವಳ ಪಕ್ಕದಲ್ಲೇ ಒದ್ದೆ ಕಲ್ಲಿನ ಮೇಲೆ ಕೂತೆ.