ಅರ್ಧ ಬೆರಳು ಕೊಸರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ಅತ್ತಿಗೆಗೆ ಅದು ಎಲ್ಲಿದೆಯೋ, ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಅಣ್ಣ ತೀರಿಕೊಂಡ ಮೇಲೆ ಅವನ ಸೋಪಿನ ಶೆಡ್ಡನ್ನು ನಾವಿಬ್ಬರೇ ನಡೆಸುತ್ತಿದ್ದೇವೆ. ಎಣ್ಣೆ ಕಾಯಿಸುವುದು ನಾನು, ಹದ ನೋಡುವುದು, ತಂತಿ ಎಳೆದು ಸೋಪು ಕೊಯ್ಯುವುದು ಅವರು.

ನಮ್ಮೂರು ದಾಟಿದರೆ ಇನ್ನೊಂದೇ ಊರು, ಆಮೇಲೆ ರಸ್ತೆಯೇ ಇಲ್ಲ. ವಾರಕ್ಕೊಂದು ಬಸ್ಸು. ಗುರುವಾರ ಬೆಳಿಗ್ಗೆ ಎಂಟಕ್ಕೆ ಮೇಲೆ ಹೋಗುತ್ತದೆ, ಸಂಜೆ ನಾಲ್ಕಕ್ಕೆ ಶೆಡ್ಡಿನ ಮುಂದೆಯೇ ವಾಪಸು ಬರುತ್ತದೆ. ನಮಗೆ ಎಣ್ಣೆ ಬರುವುದೂ ಅದರಲ್ಲೇ, ಸೋಪು ಹೋಗಬೇಕಾದರೂ ಅದರಲ್ಲೇ. ಅದರ ಡ್ರೈವರಿಗೆ ಜನ ಇಟ್ಟ ಹೆಸರು ಗಡಿಯಾರ. ಎರಡು ನಿಮಿಷ ತಡವಾಯಿತೆಂದು ಸ್ವಂತ ಅತ್ತೆಯನ್ನೇ ಬಿಟ್ಟು ಹೋದ ಭೂಪ ಅವನು.

ದಿನಸಿ ಅಂಗಡಿಗೆ ಫ್ಯಾಕ್ಟರಿ ಸೋಪು ಅರ್ಧ ಬೆಲೆಗೆ ಬಂದಾಗಿನಿಂದ ನಮ್ಮ ವ್ಯಾಪಾರ ಮಕಾಡೆ ಮಲಗಿತ್ತು. ಹಳೇ ಗಿರಾಕಿಗಳು ಒಂದಷ್ಟು ಜನ ಮಾತ್ರ ಉಳಿದಿದ್ದರು. ಅಂಥ ಹೊತ್ತಿನಲ್ಲಿ ಪಟ್ಟಣದ ಒಬ್ಬ ಹೊಸ ಅಂಗಡಿಯವನು ಮುನ್ನೂರು ಸೋಪು ಕೇಳಿದ. ಡಬ್ಬಿ ತಾನೇ ಅಚ್ಚು ಹಾಕಿಸಿ ಕಳಿಸುತ್ತೇನೆ, ಅಳತೆ ಹೇಳಿ ಎಂದ. ಮೂರು ಬೆರಳು ಅಗಲ ಎಂದೆ. ಇದೊಂದು ಕೈ ಹಿಡಿದರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಬೀಗ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಕೊಯ್ದ ಸೋಪು ಒಂದು ತಿಂಗಳು ಒಣಗಿತು. ಗುರುವಾರ ಬೆಳಿಗ್ಗೆ ಬಸ್ಸಿನಿಂದ ಡಬ್ಬಿಗಳ ಕಟ್ಟು ಇಳಿಯಿತು. ಮೊದಲನೆಯ ಸೋಪನ್ನು ಡಬ್ಬಿಗೆ ಇಳಿಸಹೋದೆ. ಹೋಗಲಿಲ್ಲ. ಎರಡನೆಯದೂ ಹೋಗಲಿಲ್ಲ. ಒಂದೊಂದೂ ಅರ್ಧ ಬೆರಳು ಹೆಚ್ಚು ಅಗಲ!

"ಅತ್ತಿಗೆ, ಮೂರು ಬೆರಳು ಅಂದಿದ್ದೆನಲ್ಲ?"

"ಮೂರೇ ಇಟ್ಟಿದ್ದು ಕಣೇ. ಮೇಲೆ ಕೊಸರು."

ಕೊಸರು! ಅದು ಅಣ್ಣನ ಕಾಲದ ರೂಢಿ. ಸೋಪು ಒಣಗಿದರೆ ಕುಗ್ಗುತ್ತದೆ, ಕೊಂಡವರಿಗೆ ನಷ್ಟವಾಗಬಾರದು ಅಂತ ಅರ್ಧ ಬೆರಳು ಜಾಸ್ತಿ ಬಿಟ್ಟು ಕೊಯ್ಯುವುದು. ಒಣಗಿದ ಮೇಲೂ ಅದು ಹಾಗೇ ಉಳಿಯುತ್ತದೆ ಅನ್ನುವುದು ಬೇರೆ ಮಾತು. ತಿಂಗಳಿಡೀ ರ‍್ಯಾಕಿನ ಮೇಲೆ ಆ ಸೋಪುಗಳನ್ನು ಮಗುಚಿಟ್ಟವಳು ನಾನೇ. ನಮ್ಮ ಸೋಪು ಯಾವಾಗಲೂ ಅಷ್ಟೇ ಇರುವುದರಿಂದ ನನ್ನ ಕಣ್ಣಿಗೂ ಅದು ಮೂರು ಬೆರಳಾಗಿಯೇ ಕಂಡಿತ್ತು. ಆದರೆ ಕೋಪಕ್ಕೆ ಇದೆಲ್ಲ ನೆನಪಾಗುತ್ತದೆಯೇ?

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ! ಪಟ್ಟಣದೋರಿಗೂ ಕೊಸರಾ?"

"ಮೊದಲನೇ ಸಲ ತಗೊಳ್ಳೋರು. ಅವರಿಗೆ ಕಮ್ಮಿ ಕೊಡೋದು ಹೇಗೆ?"

"ಇನ್ನು ಮೇಲೆ ನೀವು ತಂತಿ ಮುಟ್ಟಬೇಡಿ."

ಅಂದುಬಿಟ್ಟೆ. ಅತ್ತಿಗೆ ತಂತಿ ತೆಗೆದು ಗೋಡೆಯ ಮೊಳೆಗೆ ತಗುಲಿಸಿದರು.

ಫೋನಿಗೆ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರ. ಏದುಸಿರು ಬಿಡುತ್ತ ಹತ್ತಿ ಫೋನು ಮಾಡಿ ಒಂದು ವಾರ ಟೈಮು ಕೇಳಿದರೆ, ಅಂಗಡಿಯವನು, "ಶನಿವಾರ ಅಂಗಡಿ ಶುರು ಅಮ್ಮ. ಇವತ್ತಿನ ಬಸ್ಸಿಗೆ ಬರದಿದ್ರೆ ಫ್ಯಾಕ್ಟರಿ ಸೋಪೇ ಇಡ್ತೀನಿ" ಎಂದ. ಅವನದೇನೂ ತಪ್ಪಿಲ್ಲ.

ಇಳಿದು ಬರುವಷ್ಟರಲ್ಲಿ ಅತ್ತಿಗೆ ಎರಡು ಚಾಕು ಮಸೆದಿಟ್ಟಿದ್ದರು. ಎದುರುಬದುರು ಕೂತು ಕೆತ್ತತೊಡಗಿದೆವು. ಒಣಗಿದ ಸೋಪು ಒಂದೇ ಏಟಿಗೆ ಹೋಳಾಗುತ್ತದೆ, ಹಪ್ಪಳದಷ್ಟು ತೆಳ್ಳಗೆ ಹೆರೆಯಬೇಕು. ಮಧ್ಯಾಹ್ನದ ಊಟವೂ ಇಲ್ಲ. ನನ್ನ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತು. ಅತ್ತಿಗೆ ತಮ್ಮ ಸೆರಗಿನ ಅಂಚು ಹರಿದು ಸುಮ್ಮನೆ ನನ್ನ ಮುಂದೆ ಇಟ್ಟರು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಹಾರ್ನ್ ಕೇಳಿದಾಗ ಇನ್ನೂ ಇಪ್ಪತ್ತು ಬಾಕಿ. ಹೊರಗೆ ಓಡಿದೆ.

"ಸ್ವಲ್ಪ ನಿಲ್ಲಿಸ್ತೀರಾ ಅಣ್ಣಾ?"

ಡ್ರೈವರು ಕೈಗಡಿಯಾರ ನೋಡಿದ. "ನಾಲ್ಕು ಅಂದ್ರೆ ನಾಲ್ಕಮ್ಮ. ಇದ್ದಷ್ಟು ಹಾಕಿ."

"ಮುನ್ನೂರೂ ಹೋಗ್ಬೇಕು. ಸೋಪು ಅಗಲ ಜಾಸ್ತಿ ಆಗಿ ಡಬ್ಬಿಗೆ ಹಿಡೀತಿಲ್ಲ. ಅತ್ತಿಗೆ ಕೆತ್ತುತಾ ಇದಾರೆ."

ಅವನು ಕಿಟಕಿಯಿಂದ ಬಗ್ಗಿ ಒಳಗೆ ನೋಡಿದ. ಮೊಣಕೈವರೆಗೂ ಸೋಪಿನ ಪುಡಿ ಮೆತ್ತಿಕೊಂಡು ಅತ್ತಿಗೆ ತಲೆ ಎತ್ತದೆ ಹೆರೆಯುತ್ತಿದ್ದರು.

"ಪಟ್ಟಣದೋರಿಗೂ ಕೊಸರು ಹಾಕಿದ್ರಾ?"

"ಹೂಂ."

ಅವನೂ ಹನ್ನೆರಡು ವರ್ಷದಿಂದ ನಮ್ಮ ಸೋಪಿನಲ್ಲೇ ಸ್ನಾನ ಮಾಡುವವನು. ಇಂಜಿನ್ ಆರಿಸಿ ಕೆಳಗಿಳಿದು ಬಾನೆಟ್ ಎತ್ತಿ ನಿಲ್ಲಿಸಿದ.

"ಏನಾಯ್ತಪ್ಪಾ?" ಬಸ್ಸಿನೊಳಗಿಂದ ಯಾರೋ ಕೂಗಿದರು.

"ಇಂಜಿನ್ ಕಾದಿದೆ. ಆರಬೇಕು."

"ಎಷ್ಟೊತ್ತು?"

ಗಡಿಯಾರ ನನ್ನ ಕಡೆ ತಿರುಗಿದ. "ಎಷ್ಟೊತ್ತಮ್ಮಾ, ಆರೋದಕ್ಕೆ?"

"ಅರ್ಧ ಗಂಟೆ" ಎಂದೆ.

"ಅರ್ಧ ಗಂಟೆಯಂತೆ!" ಎಂದು ಅವನು ಬಸ್ಸಿಗೆ ಕೂಗಿ ಹೇಳಿ, ಅಷ್ಟೇನೂ ಕಾದಿರದ ಇಂಜಿನ್ನಿನ ಮೇಲೆ ಟವೆಲ್ಲಿನಿಂದ ಗಾಳಿ ಬೀಸುತ್ತ ನಿಂತ.

ನಾಲ್ಕು ಮೂವತ್ತೈದಕ್ಕೆ ಮುನ್ನೂರು ಡಬ್ಬಿ ಬಸ್ಸು ಹತ್ತಿದವು. ಧೂಳು ಅಡಗುವವರೆಗೂ ಇಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಒಳಗೆ ಚೌಕಟ್ಟಿನಲ್ಲಿ ಊರಿನವರಿಗೆಂದು ಹಿಂದಿನ ದಿನ ಎರೆದ ಸೋಪು ಕೊಯ್ಯುವ ಹದಕ್ಕೆ ಬಂದಿತ್ತು. ಬೆಳಿಗ್ಗೆ ಆಡಿದ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ಮೊಳೆಯಿಂದ ತಂತಿ ತೆಗೆದು ಅತ್ತಿಗೆಯ ಕೈಗೆ ಕೊಟ್ಟೆ.

ಅವರು ತಂತಿ ಹಿಡಿದು ನನ್ನ ಮುಖ ನೋಡಿದರು. "ಎಷ್ಟಕ್ಕೆ ಕೊಯ್ಯಲಿ?"

"ಮೂರು ಬೆರಳಿಗೆ" ಎಂದೆ. "ಮೇಲೆ ಕೊಸರು."