ಮುಳ್ಳು ಮತ್ತು ಪಟ್ಟಿ

"ವೇಗ ಬೀಳ್ತಿದೆ ಭಾವ," ಎಂದು ಅವಳು ಮೈಕಿನಲ್ಲಿ ಹೇಳಿದಳು. ಎಷ್ಟು ಮೃದುವಾಗಿ ಹೇಳಬಹುದೋ ಅಷ್ಟು ಮೃದುವಾಗಿ.

ಗಾಜಿನಾಚೆ, ಎಂದೂ ನೆಲ ಬಿಟ್ಟು ಏಳದ ನಕಲಿ ಕಾಕ್‌ಪಿಟ್‌ನಲ್ಲಿ, ಅವಳ ಅಕ್ಕನ ಗಂಡ ತಡಬಡಾಯಿಸಿ ಎಂಜಿನ್ನಿನ ಹಿಡಿ ಮುಂದಕ್ಕೆ ನೂಕಿದ. ತಡವಾಗಿತ್ತು. ಎಚ್ಚರಿಕೆಯ ಸದ್ದು ಎರಡನೇ ಸಲ ಬಡಿದುಕೊಂಡಿತು. ಅಷ್ಟು ಇಂಪಾದ ಸದ್ದನ್ನು ಅವಳು ಬಹಳ ದಿನದಿಂದ ಕೇಳಿರಲಿಲ್ಲ.

ಹೊಸ ವಿಮಾನದಲ್ಲಿ ವೇಗವನ್ನು ಹೇಗೆ ತೋರಿಸಬೇಕೆಂಬುದು ಜಗಳ. ಅವಳು ಮಾಡಿದ್ದು ದುಂಡು ಮುಖ, ಅದರ ಮೇಲೊಂದು ತಿರುಗುವ ಮುಳ್ಳು. ಎದುರಾಳಿ ಒಂದು ನೆಟ್ಟನೆಯ ಪಟ್ಟಿ. ಅಂಕಿಗಳು ಮೇಲೆ ಕೆಳಗೆ ಉರುಳುತ್ತವೆ, ಈ ಕ್ಷಣದ ವೇಗ ನಡುವಿನ ಚೌಕದಲ್ಲಿ ಬಂದು ಕೂರುತ್ತದೆ. ಕಳೆದ ವರ್ಷ ತುಂಬಿದ ಸಭೆಯಲ್ಲಿ ಪಟ್ಟಿಯ ಪರ ನಿಂತ ಭಾವ, ಹಿರಿಯ ಕ್ಯಾಪ್ಟನ್, ಅವಳ ಚಿತ್ರವನ್ನು ಎತ್ತಿ ಹಿಡಿದು, "ನಮ್ಮ ನಾದಿನಿ ಗೋಡೆ ಗಡಿಯಾರ ಮಾಡಿದಾಳೆ. ಗಂಟೆ ಹೊಡೆಯುತ್ತಾ ಕೇಳಿ" ಎಂದಿದ್ದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಚಿಕ್ಕಂದಿನಿಂದಲೂ ಹತ್ತಿರದ್ದು ಕಾಣದೆ ದಪ್ಪ ಗಾಜಿನ ಕನ್ನಡಕ ಹಾಕುವ ಅವಳಿಗೆ ಅಕ್ಕನ ಮದುವೆಯ ದಿನವೇ ಸೋಡಾಬುಡ್ಡಿ ಎಂದು ಹೆಸರಿಟ್ಟವನೂ ಅವನೇ. ಆ ಹೆಸರು ಮನೆಯಿಂದ ಕಚೇರಿಗೆ ಅವಳಿಗಿಂತ ಮೊದಲೇ ಬಂದು ಕೂತಿತ್ತು.

ಈಗ ಪರೀಕ್ಷೆ. ಬಂದ ಪೈಲಟ್‌ಗಳೆಲ್ಲ ಎರಡರಲ್ಲೂ ಸಮಸಮ ಇಳಿಸಿ ಹೋಗಿದ್ದರು. ಉಳಿದವನು ಭಾವ. ಮುಳ್ಳು ನೋಡಿಕೊಂಡು ಇಳಿಸಿದಾಗ ವಿಮಾನ ಹೂ ಇಟ್ಟ ಹಾಗೆ ಕೂತಿತು. ಅವನೇ ಹೊಗಳಿದ ಪಟ್ಟಿಯಲ್ಲಿ ತೂರಾಡಿತು.

"ಪಟ್ಟಿಯ ವಕೀಲರೇ ಪಟ್ಟಿಯಲ್ಲಿ ಸೋತ್ರಲ್ಲ!" ಪಕ್ಕದಲ್ಲಿದ್ದ ಆಯ್ಕೆ ಸಮಿತಿಯ ಅಧ್ಯಕ್ಷರು ಪೆನ್ನು ತೆಗೆದರು. "ಮುಳ್ಳಿಗೇ ನನ್ನ ಸಹಿ, ಮೇಡಂ."

ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಸಾಕಿತ್ತು. ಅಷ್ಟರಲ್ಲಿ ಸ್ಪೀಕರ್ ಗುಡುಗಿತು.

"ಏಯ್ ಸೋಡಾಬುಡ್ಡಿ! ಅಂಕಿ ಬೇಕಂತಲೇ ಸಣ್ಣದು ಮಾಡಿಟ್ಟಿದೀಯ ಅಲ್ವಾ? ಗೆಲ್ಲೋಕೆ ಕಳ್ಳಾಟಾನಾ?"

ಪೆನ್ನು ನಿಂತಿತು. ಅಧ್ಯಕ್ಷರು ಅವಳ ಕಡೆ ತಿರುಗಿದರು. "ಹೌದಾ ಮೇಡಂ?"

"ಅಲ್ಲ."

ಗದ್ದವನ್ನು ಕುತ್ತಿಗೆಗೆ ಒತ್ತಿ, ತಲೆ ಹಿಂದಕ್ಕೆಳೆದು ಅವನು ಪಟ್ಟಿಯನ್ನು ಓದುತ್ತಿದ್ದುದನ್ನು ಅವಳು ನೋಡಿದ್ದಳು. ಹೋಟೆಲಿನಲ್ಲಿ ತಿಂಡಿಯ ಪಟ್ಟಿ ಕೈಗೆ ಬಂದಾಗಲೂ ಅದೇ ಭಂಗಿ. ಆಮೇಲೆ "ನೀನೇ ಹೇಳು" ಎಂದು ಹೆಂಡತಿಯತ್ತ ತಳ್ಳುವುದು. "ಓದೋ ಕನ್ನಡಕ ಕೊಟ್ಟಿದಾರೆ ಕಣೇ, ಜೇಬಿಂದ ಆಚೆ ತೆಗೆಯಲ್ಲ," ಎಂದು ಅಕ್ಕ ಒಮ್ಮೆ ಕಿವಿಯಲ್ಲಿ ಹೇಳಿದ್ದಳು. "ಯಾರಾದ್ರೂ ಸೋಡಾಬುಡ್ಡಿ ಅಂದ್ರೆ ಅಂತ ಹೆದರಿಕೆ." ಮುಳ್ಳಾದರೆ ಎತ್ತ ವಾಲಿದೆಯೆಂದು ಕಂಡರೆ ಸಾಕು. ಪಟ್ಟಿಯನ್ನು ಓದಲೇಬೇಕು.

ಇದನ್ನು ಬಯಲು ಮಾಡಿದರೆ ಪಟ್ಟಿಯ ತಪ್ಪೇನೂ ಉಳಿಯುವುದಿಲ್ಲ, ಮುಳ್ಳಿನ ಗೆಲುವೂ ಉಳಿಯುವುದಿಲ್ಲ. ತಲೆಗೆ ಅದು ಚೆನ್ನಾಗಿ ಗೊತ್ತಿತ್ತು. ಕಾಲುಗಳು ಆಗಲೇ ಕಾಕ್‌ಪಿಟ್ ಹೊಕ್ಕಿದ್ದವು. ಅಲ್ಲಿನ ಮೈಕನ್ನು ಅವಳು ಆರಿಸಲಿಲ್ಲ.

"ನೆಲ ಮುಟ್ಟಿದಾಗಿನ ವೇಗ ಚೌಕದಲ್ಲೇ ನಿಂತಿದೆ. ಎಷ್ಟಿದೆ, ಓದಿ ಭಾವ."

"ನೂರ... ಎಂಬತ್ತು."

"ಇನ್ನೊಂದ್ಸಲ. ಹೊರಗಿರೋರಿಗೂ ಕೇಳಿಸ್ಲಿ."

ಅವನು ಮೈಕಿನ ಕೆಂಪು ದೀಪ ನೋಡಿದ. "ಬೇಡ ಕಣಮ್ಮ," ಎಂದ, ತುಟಿಯಲ್ಲೇ.

ಅವಳು ತನ್ನ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ನಿಧಾನವಾಗಿ ಒರೆಸಿ, ಮುಂದೆ ಹಿಡಿದಳು. "ಸೋಡಾಬುಡ್ಡಿ, ಭಾವ. ಹಾಕ್ಕೊಳ್ಳಿ. ನಿಮಗೆ ಒಪ್ಪುತ್ತೆ."

ಹೊರಗೆ ಯಾರೋ ಕಿಸಕ್ಕೆಂದರು. ಅವನು ಹಾಕಿಕೊಂಡ.

"ನೂರ ಮೂವತ್ತಾರು," ಎಂದ.

ಮತ್ತೆ ಇಳಿಸಿದಾಗ ಪಟ್ಟಿಯಲ್ಲೂ ವಿಮಾನ ಹೂವಿನಂತೆಯೇ ಕೂತಿತು.

"ಎರಡೂ ಸಮ ಆಯ್ತಲ್ಲ ಮೇಡಂ," ಎಂದಿತು ಅಧ್ಯಕ್ಷರ ದನಿ. "ಹಾಗಾದ್ರೆ ಪಟ್ಟಿನೇ ಇರ್ಲಿ. ಎಲ್ಲರಿಗೂ ರೂಢಿ."

ಭಾವ ಎದ್ದು, ಮೂಗಿನ ಮೇಲಿನ ಕನ್ನಡಕ ಮರೆತು, ಹಾಗೇ ಹೊರಗೆ ನಡೆದ. "ಬನ್ನಿ ಸೋಡಾಬುಡ್ಡಿ ಸಾಹೇಬ್ರೇ!" ಎಂದು ಯಾರೋ ಕೂಗಿದರು. ನಗು ಗೋಡೆಯಿಂದ ಗೋಡೆಗೆ ಹೋಗಿ ಬಂತು. ಅದು ಪೂರ್ತಿ ಅಡಗುವವರೆಗೂ ಅವಳು ಕಿವಿಗೊಟ್ಟು ನಿಂತಿದ್ದಳು.

ಆಮೇಲೆ ಇನ್ನೂ ಬೆಚ್ಚಗಿದ್ದ ಸೀಟಿನಲ್ಲಿ ಕೂತು, ತಾನು ಮಾಡಿದ ಮುಳ್ಳಿನ ದುಂಡು ಮುಖವನ್ನು ಪರದೆಯ ಮೇಲೆ ತಂದಳು. ಅಂಕಿಗಳೆಲ್ಲ ಕಲಸಿದ ಹಿಟ್ಟಿನಂತಾಗಿದ್ದವು, ಒಂದೂ ಓದಲಾಗಲಿಲ್ಲ. ಮುಳ್ಳು ಮಾತ್ರ, ಮಸುಕಾಗಿ, ಎತ್ತ ವಾಲಿದೆಯೆಂದು ಕಾಣುತ್ತಿತ್ತು.