ಗಿಡ್ಡನ ಹೆಸರಲ್ಲಿ ಕೊಟ್ಟ ರಕ್ತ

ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ಅಲ್ಲಿಯವರೆಗೆ ಯಾವ ಪರೀಕ್ಷೆಯಲ್ಲೂ ಹತ್ತಕ್ಕೆ ಹತ್ತು ಬಂದಿರಲಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಬಂತು, ಅದೂ ಆಸ್ಪತ್ರೆಯಲ್ಲಿ. ಅಕ್ಕನ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ಇನ್ನೊಬ್ಬರ ಮಜ್ಜೆಯನ್ನು ಕಸಿ ಮಾಡಬೇಕು, ಅದು ಹೊಂದಬೇಕು ಎಂದು ನನ್ನ ರಕ್ತ ತೆಗೆದು ನೋಡಿದರು. ನೋಡಬೇಕಾದ ಹತ್ತು ಗುರುತುಗಳಲ್ಲಿ ಹತ್ತೂ ಕೂಡಿಬಂದವು. ಚೀಟಿ ಹಿಡಿದು ವಾರ್ಡಿಗೆ ಓಡಿದೆ.

“ನೋಡು, ಹತ್ತಕ್ಕೆ ಹತ್ತು.”

ಅಕ್ಕ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಯಾರದ್ದು ನೋಡ್ಕೊಂಡು ಬರ್ದೆ?”

ಅವಳು ಬಸ್ಸಿನ ಕಂಡಕ್ಟರು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ಅಮ್ಮ ಹೋದ ಮೇಲೆ ನನಗೆ ಎರಡೂ ಅವಳೇ. ತುಂಬಿದ ಬಸ್ಸಿನಲ್ಲಿ ದಿನವೂ ಕಂಬಿಗೆ, ಸೀಟಿನ ಮೂಲೆಗೆ ತಾಗಿಸಿಕೊಳ್ಳುತ್ತಿದ್ದವಳ ಮೈಮೇಲೆ ನೀಲಿ ಕಲೆಗಳು ಎದ್ದಾಗ ಯಾರಿಗೂ ಅನುಮಾನ ಬರಲಿಲ್ಲ. “ಕೆಲಸದ್ದು ಕಣೋ” ಎಂದಳು. ವಸಡಿನಲ್ಲಿ ರಕ್ತ ನಿಲ್ಲದೆ ಒಂದು ಬೆಳಿಗ್ಗೆ ಡಿಪೋದಲ್ಲಿ ಬಿದ್ದಳು. ಆಗ ಗೊತ್ತಾಯಿತು.

ನನ್ನ ಒಂದು ಆಸೆ ಹೇಳಿಬಿಡುತ್ತೇನೆ. ಅಕ್ಕ ನನ್ನ ಹತ್ತಿರ ಏನಾದರೂ ಕೇಳಲಿ ಎಂದು. ಫ್ರಿಜ್ ರಿಪೇರಿ ಕಲಿತು ಕೈಗೆ ಕೆಲಸ ಬಂದ ಮೇಲೂ ಅವಳು ಏನನ್ನೂ ಕೇಳಲಿಲ್ಲ. ಸೀರೆ ತಂದರೆ “ನನಗ್ಯಾಕೋ, ಯೂನಿಫಾರಂ ಇದ್ಯಲ್ಲ” ಎನ್ನುತ್ತಿದ್ದಳು. ಕೊಡುವ ಕೈ ಅವಳದೇ ಆಗಿರಬೇಕು. ಇದು ಹತ್ತು ವರ್ಷದಿಂದ ನನ್ನ ಹೊಟ್ಟೆಯೊಳಗೆ ಉರಿಯುತ್ತಿದ್ದ ವಿಷಯ.

ಹಾಗಾಗಿ ಅವಳು ಬಿದ್ದ ದಿನ ಪಕ್ಕದ ಸಣ್ಣ ಆಸ್ಪತ್ರೆಯಲ್ಲಿ “ರಕ್ತ ಬೇಕು” ಎಂದಾಗ ನನಗೆ ಖುಷಿಯೇ ಆಯಿತು. ಅಂಥ ಹೊತ್ತಿನಲ್ಲಿ ಖುಷಿಪಟ್ಟವನು ನಾನೊಬ್ಬನೇ ಇರಬೇಕು. ಇಬ್ಬರದೂ ಎ ಗುಂಪು. ನಾನು ಕೊಟ್ಟದ್ದು ಇನ್ಯಾರಿಗೋ ಹೋಗಿ, ಇನ್ಯಾರದೋ ಅವಳಿಗೆ ಬರುವುದು ಬೇಡ, ನನ್ನದನ್ನೇ ಹಾಕಿ ಎಂದು ಅಲ್ಲಿನ ಟೆಕ್ನಿಷಿಯನ್ ಜೊತೆ ಜಗಳ ಆಡಿದೆ. ಅವನು ಪರೀಕ್ಷೆ ಮಾಡಿ ಹಾಕಿಸಿದ. ಮೂರು ವಾರಕ್ಕೆ ಮತ್ತೆ ಬೇಕಾಯಿತು. ಒಮ್ಮೆ ಕೊಟ್ಟವನು ಮೂರು ತಿಂಗಳು ಕೊಡುವಂತಿಲ್ಲವಂತೆ. ನನ್ನ ಜೊತೆ ಅಂಗಡಿಯಲ್ಲಿ ಕೆಲಸ ಮಾಡುವ ಗಿಡ್ಡನ ಗುರುತಿನ ಚೀಟಿ ತೆಗೆದುಕೊಂಡು ಹೋದೆ. ಕೌಂಟರಿನಲ್ಲಿದ್ದವಳು ಫೋಟೋ ನೋಡಿ, ನನ್ನನ್ನು ನೋಡಿ, “ಎತ್ತರ ಆಗಿದೀರಲ್ಲ” ಎಂದಳು. “ಹಳೇ ಫೋಟೋ” ಎಂದೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಸೂಜಿ ಕಿತ್ತು ಎಸೆಯುತ್ತಿದ್ದಳು.

ಆಮೇಲೆ ಈ ದೊಡ್ಡ ಆಸ್ಪತ್ರೆ. ಇಲ್ಲಿ ಒಂದು ಫಾರಂ ಕೊಟ್ಟರು, ಆರು ಪುಟ. ನಾಲ್ಕನೆಯ ಪುಟದಲ್ಲಿ, ರೋಗಿಗೆ ಮನೆಯವರ ರಕ್ತ ಕೊಡಲಾಗಿದೆಯೇ ಎಂದಿತ್ತು. ಹೌದು ಎಂದರೆ ಗಿಡ್ಡನ ಕಥೆ ಹೊರಬರುತ್ತದೆ, ಸುಳ್ಳುಗಾರ ಎಂದು ನನ್ನನ್ನು ಆಚೆ ಹಾಕುತ್ತಾರೆ ಎಂದು ಹೆದರಿದೆ. ಇಲ್ಲ ಎಂದು ಗೆರೆ ಎಳೆದೆ.

ಆ ಗೆರೆಯ ಬೆಲೆ ಗೊತ್ತಾದದ್ದು ನೆಲಮಾಳಿಗೆಯ ರಕ್ತನಿಧಿಯಲ್ಲಿ, ಅಕ್ಕನ ಕಸಿಗೆ ಹನ್ನೆರಡು ದಿನ ಇದ್ದಾಗ. ಯಾವುದೋ ಸಹಿಗಾಗಿ ಕಾಯುತ್ತಾ ಕೂತಿದ್ದೆ. ಒಳಗೆ ಒಂದು ಫ್ರೀಜರ್ ಕೀಂಯ್ ಕೀಂಯ್ ಎಂದು ಅರಚಿಕೊಳ್ಳುತ್ತಿತ್ತು. ಅದನ್ನು ಕೇಳುತ್ತಾ ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ. ಹೋಗಿ ನೋಡಿದರೆ ಬಾಗಿಲಿನ ರಬ್ಬರ್ ಸೊಟ್ಟಗಾಗಿ ಸಂದಿಯಲ್ಲಿ ಮಂಜು ಕಟ್ಟಿತ್ತು. ಅಲ್ಲಿನ ಡಾಕ್ಟರು, ನರೆಗೂದಲಿನ ಹೆಂಗಸು, ಯಾರಿಗೋ ಫೋನ್ ಮಾಡಿ ಬೈಯುತ್ತಿದ್ದರು.

“ಮೇಡಂ, ರಿಪೇರಿಯವರು ಬರೋದು ನಾಳೆ. ಒಂದಿಷ್ಟು ಬಿಸಿನೀರು, ಒಂದು ಬಟ್ಟೆ ಕೊಡಿ.”

ಒಳಗಿದ್ದುದನ್ನು ಪಕ್ಕದ ಫ್ರೀಜರಿಗೆ ಸಾಗಿಸಿದರು. ಬೆರಳುದ್ದದ ಸಾವಿರಾರು ಕೊಳವೆಗಳು. ರಬ್ಬರಿಗೆ ಬಿಸಿಬಟ್ಟೆ ಒತ್ತಿ ನೇರ ಮಾಡುತ್ತಾ, ಇದೇನು ಎಂದು ಕೇಳಿದೆ.

“ಕಸಿಗೆ ಮುಂಚೆ ಮನೆಯವರ ರಕ್ತ ತಗೊಂಡವರ ರಕ್ತದ ತಿಳಿ,” ಎಂದರು. “ನಮ್ಮವರದ್ದೇ ಒಳ್ಳೇದು ಅಂತ ಜನ ಪ್ರೀತಿಯಿಂದ ಕೊಟ್ಟುಬಿಡ್ತಾರೆ. ಮೈಯೊಳಗಿನ ಕಾವಲಿನವರು ಆ ಮುಖ ನೆನಪಿಟ್ಕೋತಾರೆ. ಆಮೇಲೆ ಅದೇ ಮನುಷ್ಯನ ಮಜ್ಜೆ ಹೋದ್ರೆ, ಓ ಇವನಾ ಅಂತ ಹೊರಗೆ ಅಟ್ಟಬಹುದು. ಯಾರಲ್ಲಿ ಹಾಗಾಗುತ್ತೆ, ಮೊದಲೇ ತಿಳ್ಕೊಳ್ಳೋಕಾಗುತ್ತಾ ಅಂತ ಹುಡುಕ್ತಿದೀವಿ. ಹನ್ನೊಂದು ವರ್ಷ ಆಯ್ತು.”

“ಹತ್ತಕ್ಕೆ ಹತ್ತು ಇದ್ರೂನಾ?”

“ಇದ್ರೂ. ಆ ಹತ್ತು ಬಿಟ್ಟು ಸಣ್ಣಪುಟ್ಟ ಗುರುತು ಬೇಕಾದಷ್ಟಿರುತ್ತೆ.”

“ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತಲ್ಲ?”

“ಇವತ್ತಿಗೆ ಅಂಥ ಪರೀಕ್ಷೆ ನಮ್ಮ ಹತ್ರ ಇಲ್ಲ. ನಾವು ಕೇಳ್ತೀವಿ, ಅವರು ಹೇಳ್ತಾರೆ. ಅಷ್ಟೇ.”

ಬಾಗಿಲು ಮುಚ್ಚಿದೆ. ಫ್ರೀಜರ್ ಬಾಯಿ ಮುಚ್ಚಿತು. ನಾನೂ ಮುಚ್ಚಿದೆ.

ಮೂರು ದಿನ ಮುಚ್ಚಿಕೊಂಡೇ ಇದ್ದೆ. ಮಜ್ಜೆ ಕೊಡುತ್ತೇವೆಂದು ಹೆಸರು ಬರೆಸಿದವರ ಪಟ್ಟಿಯಲ್ಲಿ ಎಲ್ಲಿಯವನೋ ಒಬ್ಬನಿದ್ದ, ಅವನದೂ ಹತ್ತಕ್ಕೆ ಹತ್ತು. ತಮ್ಮನೇ ಇರುವಾಗ ಅವನೇಕೆ ಎಂದು ಬಿಟ್ಟಿದ್ದರು. ಬಾಯಿಬಿಟ್ಟರೆ ಆ ಜಾಗ ಅವನದಾಗುತ್ತದೆ. ಬಿಡದಿದ್ದರೆ ಅಕ್ಕನ ಮೈ ನನ್ನನ್ನು ಅಟ್ಟಬಹುದು, ಅಟ್ಟಿದರೆ ಅವಳು ಉಳಿಯುವುದಿಲ್ಲ. ಅಟ್ಟದೆಯೂ ಇರಬಹುದಲ್ಲ ಎಂದು ನಾನೇ ನನಗೆ ವಕೀಲನಾದೆ. ಗಿಡ್ಡನ ಮೇಲೆ ರೇಗಿದೆ, ಚೀಟಿ ಕೊಟ್ಟದ್ದಕ್ಕೆ. ಅಷ್ಟು ಸಣ್ಣ ಅಕ್ಷರದಲ್ಲಿ ಅಷ್ಟು ದೊಡ್ಡ ಪ್ರಶ್ನೆ ಅಚ್ಚು ಹಾಕಿದವನನ್ನು ಮನಸಾರೆ ಬೈದೆ.

ನಾಲ್ಕನೆಯ ದಿನ ವಾರ್ಡಿಗೆ ಹೋದಾಗ ಅಕ್ಕ ನರ್ಸಿಗೆ, “ಈ ಬಾಟ್ಲಿ ಯಾವ ಸ್ಟಾಪಲ್ಲಿ ಇಳಿಯುತ್ತೆ ಸಿಸ್ಟರ್?” ಎನ್ನುತ್ತಿದ್ದಳು. ನನ್ನನ್ನು ಕಂಡು, “ಬಂದ ನಮ್ಮ ಕುಕ್ಕರ್. ಎಷ್ಟು ವಿಷಲ್ ಆಯ್ತೋ ಇವತ್ತು?” ಎಂದಳು. ಸಿಟ್ಟಿನ ಲೆಕ್ಕ ಅವಳು ಕೇಳುವುದು ಹಾಗೆ. ತಲೆಯ ಮೇಲೆ ತೂಗುತ್ತಿದ್ದ ರಕ್ತದ ಚೀಲವನ್ನು ನೋಡಿ ಹೇಳಿದಳು:

“ಇಲ್ಲಿನವ್ರದ್ದು ನೀರು ಕಣೋ. ಅಲ್ಲಿ ಮೊದಲು ಎರಡು ಸಲ ಹಾಕಿದ್ರಲ್ಲ, ಅದು ರಕ್ತ ಅಂದ್ರೆ. ಎರಡು ಮಹಡಿ ಹತ್ತಿದ್ದೆ.”

ಅದು ನನ್ನದು ಎಂದು ಕೂಗಿ ಹೇಳಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಎದ್ದು ಹೊರಟವನು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಿ ಡಾಕ್ಟರ ಮುಂದೆ ನಿಂತೆ.

“ನಾನು ಕೊಟ್ಟಿದೀನಿ ಮೇಡಂ. ಎರಡು ಸಲ. ಒಂದು ನನ್ನ ಹೆಸರಲ್ಲಿ, ಒಂದು ಗಿಡ್ಡನ ಹೆಸರಲ್ಲಿ.”

ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ತಿರುಗಿ ಬೈಯಲು ತಯಾರಾಗಿದ್ದೆ. ಅವರು ಕನ್ನಡಕ ತೆಗೆದಿಟ್ಟು ತಾರೀಖು ಕೇಳಿದರು. ಬರೆದುಕೊಂಡರು. ಆಮೇಲೆ, “ಕೈ ಕೊಡಿ” ಎಂದು ನನ್ನಿಂದ ಒಂದು ಕೊಳವೆ ರಕ್ತ ತೆಗೆದು, ಅದರ ತಿಳಿ ಬೇರೆ ಮಾಡಿ, ನಾನು ರಿಪೇರಿ ಮಾಡಿದ ಫ್ರೀಜರಿನಲ್ಲಿ ಅಕ್ಕನದೊಂದು ಕೊಳವೆಯನ್ನೂ ತಂದು, ಎರಡನ್ನೂ ಅಕ್ಕಪಕ್ಕದ ತೂತಿನಲ್ಲಿ ಇಟ್ಟರು. “ಇದು ಅವರಿಗಲ್ಲ. ಮುಂದೆ ಬರೋರಿಗೆ.”

ಕಸಿಯನ್ನು ಮೂರು ವಾರ ಮುಂದೆ ಹಾಕಿದರು. ಎಲ್ಲ ಡಾಕ್ಟರೂ ಕೂತು ಮಾತಾಡಿ ಪಟ್ಟಿಯವನೇ ಆಗಲಿ ಎಂದರು. ಅವನು ಕೈಕೊಟ್ಟರೆ ಮಾತ್ರ ಇನ್ನೂ ಖಾರದ ಔಷಧಿ ಹಾಕಿ ನನ್ನದು. ಅಕ್ಕನಿಗೆ ಎಲ್ಲವನ್ನೂ ನಾನೇ ಹೇಳಬೇಕಾಯಿತು. ಗೋಡೆ ನೋಡಿಕೊಂಡು ಹೇಳಿದೆ.

“ಅದು ನಿಂದಾ,” ಎಂದಳು. “ಅದಕ್ಕೇ ಆ ಹದಿನೈದು ದಿನ ಕಂಡಕಂಡೋರ ಮೇಲೆಲ್ಲ ರೇಗ್ತಿದ್ದೆ.”

“ತಮಾಷೆ ಬೇಡ ಅಕ್ಕ. ನನ್ನನ್ನ ಸ್ಟೆಪ್ನಿ ಮಾಡಿ ಇಟ್ಟಿದಾರೆ.”

“ಸ್ಟೆಪ್ನಿ ಇಲ್ದೆ ನಾನು ಯಾವ ಬಸ್ಸನ್ನಾದ್ರೂ ಡಿಪೋದಿಂದ ಹೊರಡಿಸಿದೀನೇನೋ?”

ಪಟ್ಟಿಯವನು ಕೈಕೊಡಲಿಲ್ಲ. ಒಂದು ಮಧ್ಯಾಹ್ನ ಅವನ ಮಜ್ಜೆಯಿದ್ದ ನೀಲಿ ಪೆಟ್ಟಿಗೆ ಹಿಡಿದು ಇನ್ಯಾರೋ ಒಬ್ಬ ಬಂದು ಸಹಿ ಹಾಕಿಸಿಕೊಂಡು ಹೋದ. ಗಾಜಿನಾಚೆ ನಿಂತು ನೋಡಿದೆ. ಮಜ್ಜೆ ಎಂದರೆ ಏನೋ ಎಂದುಕೊಂಡಿದ್ದೆ, ಅದೂ ಒಂದು ಕೆಂಪು ಚೀಲ. ಹನಿ ಹನಿಯಾಗಿ ಎರಡು ತಾಸು ಇಳಿಯಿತು. ನನ್ನ ಮೊಣಕೈ ಮಡಿಕೆಯಲ್ಲಿ ನರ ಉಬ್ಬಿ ನಿಂತಿತ್ತು, ಯಾರೂ ಕರೆಯದ ಮನೆಗೆ ಸಿಂಗರಿಸಿಕೊಂಡು ಹೋದವನ ಹಾಗೆ. ಚೀಲ ಖಾಲಿಯಾದಾಗ ಕೂದಲಿಲ್ಲದ ಅಕ್ಕ ಮಂಚದ ಕಂಬಿಯನ್ನು ಉಂಗುರದ ಬೆರಳಿನಿಂದ ಎರಡು ಸಲ ಬಡಿದಳು. ಬಸ್ಸು ಹೊರಡಲಿ ಎಂದು ಬಡಿಯುತ್ತಿದ್ದದ್ದು ಹಾಗೆಯೇ.

ಹತ್ತೊಂಬತ್ತನೆಯ ದಿನ ಹೊಸ ಮಜ್ಜೆ ಕೆಲಸ ಶುರು ಮಾಡಿತು. ಆ ಮನುಷ್ಯನದು ಓ ಗುಂಪು; ಆ ಹತ್ತು ಗುರುತಿಗೂ ರಕ್ತದ ಗುಂಪಿಗೂ ಸಂಬಂಧವಿಲ್ಲವಂತೆ. ನಿಧಾನವಾಗಿ ಅಕ್ಕನದೂ ಓ ಆಗುತ್ತದೆ ಎಂದರು ನೆಲಮಾಳಿಗೆಯ ಡಾಕ್ಟರು. ಇಂಥದ್ದೊಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಕ್ಕನ ರಕ್ತ ಹಾಕಿ ಪರೀಕ್ಷಿಸಿದ ಒಂದು ಸಣ್ಣ ಗಾಜಿನ ಪಟ್ಟಿ ತೋರಿಸಿದರು. ಮೇಲೆ ಒಂದು ಕೆಂಪು ಗೆರೆ, ತಳದಲ್ಲಿ ಒಂದು. ಮೇಲೆ ನಿಂತದ್ದು ಹಳೆಯ ಎ, ತಳಕ್ಕಿಳಿದದ್ದು ಹೊಸ ಓ.

“ಮೇಲಿರೋದು ಅಕ್ಕಂದಾ?”

“ಸ್ವಲ್ಪ ಅವರದ್ದು, ಉಳಿದಿದ್ದು ಇಲ್ಲಿ ಹಾಕಿಸಿಕೊಂಡಿದ್ದು. ನಿಮ್ಮದು ಇರೋಕೆ ಸಾಧ್ಯ ಇಲ್ಲ. ನಾಲ್ಕು ತಿಂಗಳಿಗೆ ಮುಗಿದುಹೋಗುತ್ತೆ.”

ತಿಳಿಯಿತು ಎಂದೆ. ಆದರೂ ವಾರಕ್ಕೊಮ್ಮೆ ಫ್ರೀಜರಿನ ರಬ್ಬರ್ ನೋಡುವ ನೆಪ ಮಾಡಿಕೊಂಡು ಹೋಗುತ್ತಿದ್ದೆ. ರಬ್ಬರ್ ಗಟ್ಟಿಯಾಗಿಯೇ ಇತ್ತು. ಡಾಕ್ಟರಿಗೂ ಅದು ಗೊತ್ತಿತ್ತು, ಕೇಳದೆಯೇ ಆ ವಾರದ ಗಾಜಿನ ಪಟ್ಟಿ ಎತ್ತಿ ತೋರಿಸುತ್ತಿದ್ದರು. ಮೇಲಿನ ಗೆರೆ ನೂಲಿನಷ್ಟಾಯಿತು, ಕೂದಲಿನಷ್ಟಾಯಿತು. ಒಂದು ವಾರ ಬೆಳಕಿಗೆ ಹಿಡಿದರೂ ಕಾಣಲಿಲ್ಲ.

ಅಕ್ಕ ಮನೆಗೆ ಬಂದಿದ್ದಳು. ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡು ಕಿಟಕಿಯ ಪಕ್ಕ ಕೂತು ಬೀದಿಯ ಬಸ್ಸುಗಳಿಗೆ ನಂಬರು ಹೇಳುತ್ತಿದ್ದಳು.

“ಈಗ ನನ್ನದು ಯಾವ ಗ್ರೂಪಂತೆ?”

“ಓ.”

“ನಿಂದು ಎ ತಾನೇ?” ಸ್ವಲ್ಪ ಯೋಚಿಸಿದಳು. ಆಸ್ಪತ್ರೆಯಲ್ಲಿ ಅಷ್ಟು ತಿಂಗಳು ಮಲಗಿ ಅವಳಿಗೆ ಎಲ್ಲವೂ ಬಾಯಿಪಾಠವಾಗಿತ್ತು. “ಹಂಗಾದ್ರೆ ಗ್ರೂಪ್ ಲೆಕ್ಕದಲ್ಲಿ ನಂದು ನಿಂಗೆ ಆಗುತ್ತೆ. ನಿಂದು ನಂಗೆ ಆಗಲ್ಲ.”

“ಹೂಂ.”

“ಮೊದಲಿನ ಹಂಗೇ,” ಎಂದಳು, ಮಾಸ್ಕಿನೊಳಗೇ ನಗುತ್ತಾ.

ನಾನು ಎದ್ದು ಅಡುಗೆಮನೆಗೆ ಹೋದೆ. ನಮ್ಮ ಹಳೆಯ ಫ್ರಿಜ್ ಬಾಗಿಲು ತೆಗೆದು ರಬ್ಬರನ್ನು ಬೆರಳಿನಿಂದ ಉದ್ದಕ್ಕೂ ಸವರಿ ನೋಡಿದೆ. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಮತ್ತೆ ಒಂದು ಸಲ ನೋಡಿದೆ.